ಏನೂ ಆಗದ ರೀಲು

ನಮ್ಮ ಅವ್ವನ ಎಳೆತನದ ಫೋಟೋ ಒಂದೂ ಇಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಇಳಿಯುತ್ತದೆ ಎಂದು ನಂಬಿದ ಮನೆಯಲ್ಲಿ ಹುಟ್ಟಿದವಳು ಅವಳು. ಅಂಥ ಮನೆಯ ಹುಡುಗಿಯೊಬ್ಬಳು ಸಿನಿಮಾದಲ್ಲಿ ಓಡಿದ್ದಾಳೆ ಎಂದರೆ ಕೇಳಿದವರು ನಗುತ್ತಾರೆ. ಓಡಿದ್ದು ಮಾತ್ರ ಖರೆ. ಓಡಿದವಳು ಅವ್ವನೋ ದೊಡ್ಡವ್ವನೋ ಎಂಬುದು ನಲವತ್ತು ವರ್ಷವಾದರೂ ತೀರದ ವ್ಯಾಜ್ಯವಾಗಿತ್ತು.

ದೊಡ್ಡವ್ವ ಎಂದರೆ ಅವ್ವನಿಗಿಂತ ಮೊದಲು ಹುಟ್ಟಿದ ಅಕ್ಕ. ತವರೂರು ನಾಗಣಸೂರದಿಂದ ಇಬ್ಬರನ್ನೂ ಅಕ್ಕಲಕೋಟದ ಒಂದೇ ಮನೆಗೆ, ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಹೀಗಾಗಿ ಅವರು ಅಕ್ಕತಂಗಿಯರೂ ಹೌದು, ನೆಗೆಣ್ಣಿಯರೂ ಹೌದು. ಒಂದು ಸಂಬಂಧದಲ್ಲಿ ಜಗಳ ಮುಗಿದರೆ ಇನ್ನೊಂದರಲ್ಲಿ ಶುರುವಾಗುತ್ತಿತ್ತು.

ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲದಲ್ಲಿ ಯಾವುದೋ ಕಂಪನಿಯವರು ಮೋಟಾರಿನಲ್ಲಿ ನಾಗಣಸೂರಕ್ಕೆ ಬಂದು, ಊರ ಹೊರಗಿನ ಮೆಟ್ಟಿಲ ಬಾವಿಯ ದಂಡೆಗೆ ಮೂರು ಕಾಲಿನ ಯಂತ್ರ ಹೂಡಿದರಂತೆ. ಅವರಿಗೆ ಕುರಿ ಬೇಕಾಗಿತ್ತು. ನಮ್ಮ ಅಜ್ಜನ ಹಟ್ಟಿಯಲ್ಲಿ ಕುರಿ ಇದ್ದವು. ಕುರಿಮರಿಯೊಂದನ್ನು ಎತ್ತಿಕೊಂಡು ಬಾವಿಯ ಮೆಟ್ಟಿಲು ಹತ್ತಿ ಓಡಲು ಒಬ್ಬ ಹುಡುಗಿಯೂ ಬೇಕಾಗಿದ್ದಳು. ಅಜ್ಜ ಬೀರೋಬನ ಗುಡಿಗೆ ಹೋಗಿದ್ದ ಹೊತ್ತು ನೋಡಿ ಮಕ್ಕಳಲ್ಲಿ ಒಬ್ಬಳು ಓಡಿಬಿಟ್ಟಳು. ಮುಂದೆ ಕಂಬಳಿ ಮಾರಲು ಸೋಲಾಪುರಕ್ಕೆ ಹೋದ ಅವರ ಕಾಕಾ ಆ ಸಿನಿಮಾ ನೋಡಿ ಬಂದು, “ನಮ್ಮ ಹುಡುಗಿ ಮರಿ ತಗೊಂಡು ಓಡ್ತಾಳ, ನೋಡಾಕ ಎರಡು ಕಣ್ಣು ಸಾಲವು” ಅಂದನಂತೆ. ಅಜ್ಜ ಕೋಲು ತೆಗೆದುಕೊಂಡ, ಅದನ್ನು ಕಂಡು ಕಾಕಾ ಯಾವಾಕೆ ಎಂದು ಹೇಳದೆ ಜಾರಿಕೊಂಡ. ಹೊಡೆತ ಬೀಳುತ್ತದೆ ಎಂದು ಅವತ್ತು ಇಬ್ಬರೂ “ನಾ ಅಲ್ಲ” ಅಂದರು. ಅಜ್ಜ ಸತ್ತ ಮೇಲೆ ಇಬ್ಬರೂ “ನಾನಽ” ಅನ್ನತೊಡಗಿದರು. ನೋಡಿ ಬಂದಿದ್ದ ಕಾಕಾ ಅಷ್ಟರಲ್ಲಿ ಇರಲಿಲ್ಲ.

ಅಕ್ಕಲಕೋಟದ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಇಬ್ಬರೂ ಇದನ್ನೇ ಎತ್ತುತ್ತಿದ್ದುದನ್ನು ನಾನು ಹುಡುಗಿಯಾಗಿದ್ದಾಗಿನಿಂದ ಕೇಳಿದ್ದೇನೆ.

“ನೀ ಅವತ್ತ ಜ್ವರ ಬಂದು ಕೌದಿ ಹೊಚ್ಕೊಂಡು ಮಲಗಿದ್ದಿ. ನಾನಽ ನಿನಗ ಗಂಜಿ ಕುಡಿಸಿ ಹೋಗೇನಿ” ಎಂದು ದೊಡ್ಡವ್ವ.

“ಜ್ವರ ಬಂದಿದ್ದು ಅದರ ಮುಂದಿನ ವಾರ ಅಕ್ಕಾ. ಓಡಿದ್ದಕ್ಕಽ ಬಂತು ಜ್ವರ” ಎಂದು ಅವ್ವ.

ಕೇಳುವವರಿಗೆ ಇದೊಂದು ಚೇಷ್ಟೆ. ಅವ್ವನಿಗೆ ಹಾಗಿರಲಿಲ್ಲ. ಅವಳ ಕಣ್ಣಿಗೆ ಮೋತಿಬಿಂದುವಿನ ಪೊರೆ ಇಳಿಯುತ್ತಿತ್ತು. ಸೋಲಾಪುರದ ಡಾಕ್ಟರು ನೋಡಿ, ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ತೆಗೆಯೋಣ ಅಂದಿದ್ದರು. ಕಣ್ಣೊಳಗೆ ಏನೋ ಹಣ್ಣಾಗಲಿ ಎಂದು ಕಾಯುತ್ತ ಕೂಡುವುದೆಂದರೆ ದಿನದಿನಕ್ಕೆ ಮಂಜು ದಟ್ಟವಾಗುವುದನ್ನು ನೋಡುತ್ತ ಕೂಡುವುದು. ಆಪರೇಶನ್ ಕೆಟ್ಟು ಕಣ್ಣು ಹೋದವರ ಸುದ್ದಿ ಓಣಿಗೊಂದು ಇತ್ತು. “ಕಣ್ಣು ಪೂರಾ ಹೋಗೂಕಿಂತ ಮೊದಲ ನಾ ನನ್ನ ಒಮ್ಮೆ ನೋಡಬೇಕವ್ವಾ” ಎಂದು ಅವ್ವ ನನಗೊಬ್ಬಳಿಗೇ ಹೇಳಿದ್ದಳು. ಅಕ್ಕನ ಎದುರು ಹೇಳಿದ್ದರೆ ಅವಳು ನಗುತ್ತಿದ್ದಳು.

ನನ್ನನ್ನು ಸೋಲಾಪುರಕ್ಕೆ ಕೊಟ್ಟಿದ್ದರು. ನಮ್ಮ ಮನೆಯವರು ಕೋರ್ಟಿನಲ್ಲಿ ಕಾರಕೂನರು. ಎಪ್ಪತ್ತರ ದಶಕದ ನಡುವಿನ ಒಂದು ಸಂಜೆ ಅವರು ಚಪ್ಪಲಿ ಬಿಡುತ್ತಲೇ, “ನಿಮ್ಮವ್ವನ ಸಿನಿಮಾ ಬರಾಕತ್ತೈತಿ” ಅಂದರು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

ಸೋಲಾಪುರದಲ್ಲಿ ಟಾಕೀಜಿಗೆ ಎಂದೂ ಬರವಿರಲಿಲ್ಲ. ಗಿರಣಿಯ ಭೋಂಗಾ ಕೂಗಿತೆಂದರೆ ಅರ್ಧ ಊರು ಅಲ್ಲಿಗೇ ಹೊರಡುತ್ತಿತ್ತು. ಆದರೆ ಈ ಸಿನಿಮಾ ಬರುತ್ತಿದ್ದುದು ಟಾಕೀಜಿಗಲ್ಲ, ಮ್ಯೂಜಿಯಮ್ಮಿಗೆ. ನೂಲಿನ ವ್ಯಾಪಾರಿಯೊಬ್ಬರು ತಾವು ಕೂಡಿಸಿದ ಚಿತ್ರಗಳ ಸಮೇತ ತಮ್ಮ ಬಂಗಲೆಯನ್ನು ಊರಿಗೆ ಬಿಟ್ಟು ಹೋಗಿದ್ದರು. ಕೆಳಗೆ ಗೋಡೆಯ ತುಂಬ ತೈಲಚಿತ್ರಗಳು. ಮೇಲಿನ ಹಾಲಿನಲ್ಲಿ ತಿಂಗಳಿಗೊಂದು ರವಿವಾರ ಹಳೆಯ ಸಿನಿಮಾ, ಪರದೇಶದ ಸಿನಿಮಾ, ಟಾಕೀಜಿನವರು ಮುಟ್ಟದಂಥ ಸಿನಿಮಾಗಳನ್ನು ತೋರಿಸುತ್ತಿದ್ದರು. ಡಬ್ಬಿಗಳು ಪುಣೆಯಿಂದ ರೈಲಿನ ಪಾರ್ಸಲ್ಲಿನಲ್ಲಿ ಬರುತ್ತಿದ್ದವು. ಕೋರ್ಟಿನ ವಕೀಲರೊಬ್ಬರು ಅದರ ಮೆಂಬರು. ಅಕ್ಕಲಕೋಟದ ಕಡೆ ತೆಗೆದ ಮೂಕಿ ಸಿನಿಮಾ ಎಂದು ಅವರೇ ಹೇಳಿ, ನಾಲ್ಕು ಮಂದಿಗೆ ಪಾಸು ಬರೆದುಕೊಟ್ಟಿದ್ದರು.

ಅಕ್ಕಲಕೋಟದ ಎಸ್.ಟಿ. ಗಾಡಿಯ ಕಂಡಕ್ಟರನ ಕೈಯಲ್ಲಿ ಸುದ್ದಿ ಕಳಿಸಿದೆ. ಶನಿವಾರವೇ ಇಬ್ಬರೂ ಬಂದಿಳಿದರು. ದೊಡ್ಡವ್ವನನ್ನು ನಾನು ಕರೆದಿರಲಿಲ್ಲ.

“ಕರೀದಿದ್ರ ಬರಬಾರದೇನು? ನನ್ನ ಸಿನಿಮಾ, ನಾ ನೋಡಾಕ ಬಂದೀನಿ” ಅಂದಳು.

ರವಿವಾರ ಮಧ್ಯಾಹ್ನ ಮ್ಯೂಜಿಯಮ್ಮಿಗೆ ಹೋದೆವು. ಚಪ್ಪಲಿ ಹೊರಗೆ, ಕೈಚೀಲ ಕಾವಲುಗಾರನ ಹತ್ತಿರ. ದೊಡ್ಡವ್ವನ ಚೀಲದಲ್ಲಿ ಶೇಂಗಾ ಚಟ್ನಿ ಇತ್ತು. ಅದನ್ನು ಬಿಟ್ಟು ಬರಲು ಅವಳು ಒಪ್ಪಲಿಲ್ಲ. ಚಟ್ನಿಯ ಎಣ್ಣೆ ಚಿತ್ರಕ್ಕೆ ತಗಲುತ್ತದೆ ಎಂದು ಅವನು, ನಾನೇನು ಚಿತ್ರಕ್ಕೆ ಚಟ್ನಿ ತಿನ್ನಿಸುತ್ತೇನೆಯೇ ಎಂದು ಅವಳು. ಕೊನೆಗೆ ಮೇಲೆ ಹೋಗಿ ಜಮಖಾನೆಯ ಮೇಲೆ ಹೆಂಗಸರ ಕಡೆ ಕೂತೆವು. ಸೆಕ್ರೆಟರಿಯವರು ಪ್ರೊಜೆಕ್ಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮರಾಠಿಯಲ್ಲಿ ಭಾಷಣಕ್ಕೆ ನಿಂತರು. ಧೋತರ, ಕರಿ ಕೋಟು, ಮೂಗಿನ ತುದಿಗೆ ಕನ್ನಡಕ. ಒಳ್ಳೆಯ ಮನುಷ್ಯರೇ. ಆದರೆ ಭಾಷಣಕ್ಕೆ ನಿಂತರೆ ಗಡಿಯಾರವೊಂದು ಲೋಕದಲ್ಲಿದೆ ಎಂಬುದು ಅವರಿಗೆ ಮರೆಯುತ್ತಿತ್ತು. ಕೇಳಿ ಕೇಳಿ ನನಗೆ ತೂಕಡಿಕೆ ಬಂತು. ಆ ತೂಕಡಿಕೆಯಲ್ಲೇ ಅವರು ಹೇಳಿದ ಮುಖ್ಯ ಮಾತು ನನ್ನ ಕಿವಿಯಿಂದ ಜಾರಿಹೋಗಿತ್ತು: ಪುಣೆಯಿಂದ ಡಬ್ಬಿ ಅದಲುಬದಲಾಗಿ ಬಂದಿದೆ, ಇವತ್ತು ಬೇರೆ ಸಿನಿಮಾ.

ಪರದೆಯ ಮೇಲೆ ಹಿಮ ಬಿದ್ದಿತ್ತು. ಒಬ್ಬ ಗಂಡಸು ಕಿಟಕಿಯ ಹತ್ತಿರ ಕೂತಿದ್ದ.

“ಇದೇನು, ಹತ್ತಿ ಹಿಂಜ್ಯಾರೇನು?” ಅವ್ವ ಕೇಳಿದಳು.

“ಹಿಮ ಅವ್ವಾ.”

“ನಾಗಣಸೂರದಾಗ ಹಿಮ ಎಲ್ಲೀದು?”

“ಮುಂದ ಬರ್ತೈತಿ ಬಾವಿ. ಕುಂದ್ರು.”

ಆ ಗಂಡಸು ಏಳಲೇ ಇಲ್ಲ. ಒಂದು ರೀಲು ಮುಗಿದು ದೀಪ ಹತ್ತಿತು, ಇನ್ನೊಂದು ರೀಲು ಏರಿಸಿದರು. ಅವನು ಆಗಲೂ ಕಿಟಕಿಯ ಹತ್ತಿರವೇ ಇದ್ದ. “ಇಂವಗ ಮನ್ಯಾಗ ಯಾರೂ ಇಲ್ಲೇನು? ಎದ್ದು ಒಂದು ತಂಬಿಗಿ ನೀರರ ಕುಡೀಬಾರದೇನು?” ಎಂದು ದೊಡ್ಡವ್ವ ಗಟ್ಟಿಯಾಗಿಯೇ ಕೇಳಿದಳು. ಮುಂದಿನ ಸಾಲಿನ ಒಬ್ಬ ಗೃಹಸ್ಥರು ತಿರುಗಿ ನೋಡಿ, “ಶೂ” ಅಂದರು. ಅವ್ವ ಮಾತ್ರ ಮಿಸುಕಲಿಲ್ಲ. ಮಂಜುಗಣ್ಣನ್ನು ಕಿರಿದು ಮಾಡಿಕೊಂಡು, ಆ ಹಿಮದ ಹಿಂದಿನಿಂದ ಎಲ್ಲಿ ಬಾವಿಯ ಮೆಟ್ಟಿಲು ಹೊರಡುತ್ತದೋ ಎಂದು ಕೊನೆಯವರೆಗೂ ಕಾದಳು. ಮುಗಿದ ಮೇಲೆ ನಮ್ಮ ಮನೆಯವರು ಗಂಡಸರ ಕಡೆಯಿಂದ ಬಂದು ಡಬ್ಬಿಯ ವಿಷಯ ಹೇಳಿದರು. ಮೊದಲೇ ಬಂದು ಹೇಳಬಾರದಿತ್ತೇ ಎಂದರೆ, “ಭಾಷಣದಾಗ ಹೇಳಿದ್ರಲ್ಲ” ಅಂದರು. ನನಗೆ ಸಿಟ್ಟು ಯಾರ ಮೇಲೆ ಬಂತು ಎಂದು ಇವತ್ತಿಗೂ ತಿಳಿದಿಲ್ಲ.

ಇಬ್ಬರೂ ಊರಿಗೆ ಹೋದರು. ಎರಡು ತಿಂಗಳು ಏನೂ ಸುದ್ದಿಯಿಲ್ಲ. ವಕೀಲರನ್ನು ಕೇಳಿ ಎಂದು ನಾನು ದಿನವೂ ಹೇಳುವುದು, ಮರೆತೆ ಎಂದು ನಮ್ಮ ಮನೆಯವರು ದಿನವೂ ಹೇಳುವುದು. ಅಕ್ಕಲಕೋಟಕ್ಕೆ ಹೋದಾಗ ಅವ್ವ ಅಕ್ಕಿ ಆರಿಸಲು ಕೂತಿದ್ದಳು. ಕಲ್ಲು ಕಾಣದೆ, ಬೆರಳಿನಿಂದ ತಡವಿ ತಡವಿ ಆರಿಸುತ್ತಿದ್ದಳು. ನಾನು ಮೊರ ತೆಗೆದುಕೊಂಡೆ. “ಬಂತೇನು?” ಎಂದು ಕೇಳಿದಳು. ಯಾವುದು ಎಂದು ಕೇಳುವ ಅಗತ್ಯವಿರಲಿಲ್ಲ.

ಬಂತು, ಕೊನೆಗೊಮ್ಮೆ. ಈ ಸಲ ನಾನು ವಕೀಲರ ಮನೆಗೇ ಹೋಗಿ, ಬಂದದ್ದು ಅದೇ ಡಬ್ಬಿಯೇ ಎಂದು ಖಾತ್ರಿ ಮಾಡಿಕೊಂಡೆ. ಮತ್ತೆ ಕಂಡಕ್ಟರ, ಮತ್ತೆ ಶನಿವಾರ, ಮತ್ತೆ ಇಬ್ಬರೂ. ಮತ್ತೆ ಕುಂಕುಮ, ಕಾಯಿ, ಭಾಷಣ. ಭಾಷಣದ ಒಂದು ಮಾತನ್ನೂ ನಾನು ಬಿಡಲಿಲ್ಲ. ಕಿಟಕಿಗಳಿಗೆಲ್ಲ ಫೋಟೋ ಸ್ಟುಡಿಯೋದವರಿಂದ ತಂದ ಕರಿ ಬಟ್ಟೆ ಕಟ್ಟಿದ್ದರು. ಪರದೆಯ ಮೇಲೆ ನಮ್ಮ ಕಡೆಯ ಕರಿ ನೆಲ, ನಮ್ಮ ಜೋಳದ ಹೊಲ ಬಂದಾಗ ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು. ಒಬ್ಬ ಸಾವುಕಾರ ಬಂದ, ಒಬ್ಬ ಬೈರಾಗಿ ಬಂದ, ಕದನವಾಯಿತು, ಮದುವೆಯಾಯಿತು. ಅವ್ವನ ಹಿಡಿತ ಬಿಗಿಯಾಗುತ್ತ ಹೋಯಿತು. ಆಮೇಲೆ ಪರದೆಯ ಮೇಲೆ ಮುಗಿಯಿತೆಂಬ ಬರಹ ಮೂಡಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಬಾವಿ ಬರಲೇ ಇಲ್ಲ.

“ನೀನೂ ಇಲ್ಲ, ನಾನೂ ಇಲ್ಲ. ಹೋತು ಬಿಡು” ಅಂದಳು ದೊಡ್ಡವ್ವ. ಅವಳ ದನಿಯಲ್ಲಿ ಒಂದು ನಮೂನೆ ಹಗುರ ಇತ್ತು. ಅವ್ವ ನನ್ನ ಕೈ ಬಿಟ್ಟಳು, ಮಣಿಕಟ್ಟಿನ ಮೇಲೆ ಬಳೆಯ ಗುರುತು ಉಳಿದಿತ್ತು.

ಸುತ್ತಲಿನ ಮೆಂಬರುಗಳು ಚಹಾ ಕುಡಿಯುತ್ತ ಚರ್ಚೆಗೆ ಇಳಿದಿದ್ದರು. ಕದನದಿಂದ ಒಮ್ಮೆಲೇ ಮದುವೆಗೆ ಹಾರಿದ್ದು ಎಂಥ ಧೈರ್ಯ, ನಡುವಿನದನ್ನು ನೋಡುವವರ ಕಲ್ಪನೆಗೆ ಬಿಟ್ಟಿದ್ದಾನೆ ಎಂದು ಒಬ್ಬರು ಹೇಳಿದರೆ, ಇನ್ನೊಬ್ಬರು ಕಣ್ಣು ಮುಚ್ಚಿ ತಲೆ ಆಡಿಸಿದರು. ನಾನು ಅವರ ಮಾತು ಕೇಳುತ್ತಲೇ ಆಪರೇಟರ್ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬುವುದನ್ನು ನೋಡುತ್ತಿದ್ದೆ. ಮನೆಯಲ್ಲಿ ಹಿಟ್ಟಿನ ಡಬ್ಬಿ, ಬೇಳೆಯ ಡಬ್ಬಿ ನೋಡುವ ಕಣ್ಣು ನನ್ನದು. ಎಲ್ಲ ಡಬ್ಬಿಗಳ ಸುತಳಿ ಬಿಚ್ಚಿ ಹೊಸದಾಗಿ ಸುತ್ತಿದ್ದ. ಒಂದರ ಸುತಳಿ ಮಾತ್ರ ಮೊದಲಿನ ಬಿಗಿ ಗಂಟಿನಲ್ಲೇ ಇತ್ತು, ಅದಕ್ಕೆ ಅವತ್ತು ಕೈ ತಗಲಿದ ಹಾಗಿರಲಿಲ್ಲ.

“ಅಣ್ಣಾ, ಇದನ್ನ ಬಿಚ್ಚೇ ಇಲ್ಲಲ್ಲ?”

ಅವನು ತಲೆಯೆತ್ತಲಿಲ್ಲ. “ಅದನ್ನ ಬಿಟ್ಟೇವ್ರಿ ಬಾಯಿ. ಅದ್ರಾಗ ಏನೂ ಆಗೂದಿಲ್ಲ.”

“ಏನೂ ಆಗೂದಿಲ್ಲ ಅಂದ್ರ?”

“ಅಂದ್ರ ಏನೂ ಇಲ್ಲ. ಹಳ್ಳಿ, ಕುರಿ, ಬಾವಿ. ಕತಿ ಮುಂದ ಹೋಗೂದಿಲ್ಲ. ಪ್ರತಿ ಸಲ ಒಂದು ಬಿಡಬೇಕಾಗ್ತೈತ್ರಿ, ಇಲ್ಲಂದ್ರ ದೀಪದ ಹೊತ್ತಿಗೆ ಮುಗಿಯೂದಿಲ್ಲ.”

ಆಗ ತಿಳಿಯಿತು ಅಲ್ಲಿಯ ಪದ್ಧತಿ. ಬಂಗಲೆ ಕೊಟ್ಟ ವ್ಯಾಪಾರಿಯ ನೂಲಿನ ಗೋದಾಮು ಹಿಂದೊಮ್ಮೆ ಸುಟ್ಟಿತ್ತಂತೆ. ಆ ಹೆದರಿಕೆಗೆ, ಮುಸ್ಸಂಜೆಯಾದ ಮೇಲೆ ಈ ಕಟ್ಟಡದಲ್ಲಿ ದೀಪ ಹಚ್ಚಕೂಡದು ಎಂದು ಮೃತ್ಯುಪತ್ರದಲ್ಲಿ ಬರೆಸಿದ್ದರು. ಕರೆಂಟಿನ ದೀಪವೂ ದೀಪವೇ ಎಂದು ಟ್ರಸ್ಟಿನವರು ತೀರ್ಮಾನ ಮಾಡಿದ್ದರು. ಭಾಷಣವನ್ನು ಮೊಟಕು ಮಾಡುವುದು ಯಾರ ಕೈಯಲ್ಲೂ ಇರಲಿಲ್ಲ. ಹೀಗಾಗಿ ತಿಂಗಳಿಗೊಮ್ಮೆ ಒಂದು ರೀಲು ಬಲಿ. ಆಪರೇಟರ್ ಶನಿವಾರ ಎಲ್ಲವನ್ನೂ ಗೋಡೆಯ ಮೇಲೆ ಒಮ್ಮೆ ಓಡಿಸಿ ನೋಡಿ, ಬಡಿದಾಟವಿಲ್ಲದ, ಅಳುವಿಲ್ಲದ ಒಂದನ್ನು ಆರಿಸಿ, ಗಂಟು ಹಾಕಿ ಬದಿಗಿಡುತ್ತಿದ್ದ. ಇಷ್ಟು ವರ್ಷ ಒಬ್ಬ ಮೆಂಬರೂ ಇದೇಕೆ ಹೀಗೆ ಎಂದು ಕೇಳಿರಲಿಲ್ಲ. ಒಳ್ಳೆಯ ಸಿನಿಮಾ ಎಂದರೆ ನಡುವೆ ಏನೋ ಬಿಟ್ಟುಹೋದಂತೆ ಇರುತ್ತದೆ ಎಂದು ಎಲ್ಲರಿಗೂ ರೂಢಿಯಾಗಿಬಿಟ್ಟಿತ್ತು.

ಸೆಕ್ರೆಟರಿಯವರ ಹತ್ತಿರ ಹೋದೆ. ನನ್ನ ಮರಾಠಿ ಅಡಿಗೆಮನೆಯ ಮರಾಠಿ. ಅವರಿಗೆ ಕನ್ನಡ ಬರುತ್ತಿತ್ತು.

“ಆ ಒಂದು ರೀಲು ಈಗ ಹಾಕಿಸ್ರಿ, ಸಾಹೇಬರ.”

“ಈಗ ದೀಪದ ಹೊತ್ತಾತು ಬಾಯಿ. ನಿಯಮ.”

“ಹಂಗಾದ್ರ ನಾಳೆ?”

“ನಾಳೆ ಸೋಮವಾರ, ಮ್ಯೂಜಿಯಂ ಬಂದ್. ಮಧ್ಯಾಹ್ನದ ಗಾಡಿಗೆ ಡಬ್ಬಿ ವಾಪಸ್ ಹೋಗ್ತಾವ. ಅಲ್ಲದ ಬಾಯಿ, ಬಘಾ, ನೋಡ್ರಿ, ಆ ರೀಲಿನಾಗ ಕತೀಗೆ ಸಂಬಂಧಪಟ್ಟದ್ದು ಏನೂ ಇಲ್ಲ. ನೀವು ಸಾರಾಂಶ ಕೇಳಿದ್ರ ನಾ ಹೇಳ್ತೀನಿ, ಕುಂದ್ರಿ.”

ಇನ್ನೊಂದು ಭಾಷಣ ಶುರುವಾಗುವುದರಲ್ಲಿತ್ತು. ಅಷ್ಟರಲ್ಲಿ ಅವ್ವ, ಅಷ್ಟು ಹೊತ್ತು ಕಂಬದ ಹಾಗೆ ನಿಂತವಳು, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು.

“ಸಾಹೇಬರ, ನಾ ಆ ಡಬ್ಬ್ಯಾಗ ಅದೀನಿ.”

ಸೆಕ್ರೆಟರಿಯವರು ಕನ್ನಡಕದ ಮೇಲಿನಿಂದ ನೋಡಿದರು.

“ಸಣ್ಣಾಕಿ ಇದ್ದೆ. ಮರಿ ಎತಗೊಂಡು ಓಡೇನಿ. ನನ್ನ ಕಣ್ಣು ಹೋಗಾಕತ್ತಾವ. ಮತ್ತ ಆ ಡಬ್ಬಿ ಯಾವಾಗ ಬರ್ತೈತೋ, ಆವಾಗ ನಾ ನೋಡೂಹಂಗ ಇರ್ತೀನೋ ಇಲ್ಲೋ.”

“ಸುಳ್ಳ್ರೀ. ಅದ್ರಾಗ ನಾ ಅದೀನಿ” ಅಂದಳು ದೊಡ್ಡವ್ವ ಹಿಂದಿನಿಂದ.

ಸೆಕ್ರೆಟರಿಯವರು ಇಬ್ಬರನ್ನೂ ಒಮ್ಮೆ ನೋಡಿ, ನಕ್ಕು, ನಾಳೆ ಬೆಳಿಗ್ಗೆ ಡಬ್ಬಿ ಸ್ಟೇಶನ್ನಿಗೆ ಹೋಗುವುದಕ್ಕೆ ಮೊದಲು ಒಮ್ಮೆ ಹಾಕು ಎಂದು ಆಪರೇಟರಿಗೆ ಹೇಳಿದರು. ಅವನ ಮುಖ ಹುಳ್ಳಗಾಯಿತು. “ಸೋಮವಾರ ನಂದೂ ಸೂಟಿ ಐತ್ರಿ” ಅಂದ. ಆದರೂ ಒಪ್ಪಿದ.

ಮರುದಿನ ಬೆಳಿಗ್ಗೆ ಹೋದರೆ ಹಾಲಿನ ತುಂಬ ಬಿಸಿಲು. ಕರಿ ಬಟ್ಟೆ ಫೋಟೋ ಸ್ಟುಡಿಯೋದವರದು. ರವಿವಾರ ಸಂಜೆಯೇ ಬಿಚ್ಚಿಕೊಂಡು ಹೋಗಿದ್ದರು. ಆಪರೇಟರ್ ಕೈ ಚೆಲ್ಲಿ ನಿಂತ. “ಈ ಬೆಳಕಿನಾಗ ಏನು ಕಾಣ್ತೈತಿ? ಬ್ಯಾಡ ಬಿಡ್ರಿ” ಅಂದ. ಬೇಡ ಎಂದು ಬಿಟ್ಟು ಹೋಗಲು ನಾನೇನು ಬಂದಿದ್ದೆನೇ? ನಮ್ಮ ಮನೆಯವರು ಕೋರ್ಟಿಗೆ ಹೋಗಿಯಾಗಿತ್ತು. ಟಾಂಗಾ ಮಾಡಿಕೊಂಡು ಮನೆಗೆ ಓಡಿ, ಹಾಸಿಗೆಯ ಮೇಲಿನ ಚಾದರ, ಟ್ರಂಕಿನ ಚಾದರ, ಮಗ್ಗುಲ ಮನೆಯವರ ಚಾದರ ಎಲ್ಲ ಎತ್ತಿಕೊಂಡು ಬಂದೆ. ಸೋಲಾಪುರದಲ್ಲಿ ಬೇರೆ ಏನಿಲ್ಲದಿದ್ದರೂ ಚಾದರಕ್ಕೆ ಕಡಿಮೆಯಿಲ್ಲ. ಕಿಟಕಿಗೊಂದರಂತೆ, ಕರಿ ಬಟ್ಟೆಗೆ ಹೊಡೆದ ಮೊಳೆಗಳಿಗೇ ಸಿಕ್ಕಿಸಿದೆವು. ಮೂಡಣ ಗೋಡೆಯ ಎತ್ತರದಲ್ಲಿ ಒಂದು ದೊಡ್ಡ ಬೆಳಕಿಂಡಿ ಇತ್ತು. ಸ್ಟೂಲು ಹಾಕಿ ಹತ್ತಿ ಅದಕ್ಕೂ ಒಂದು ಕಟ್ಟಿದೆ. ಹಾಲು ಕತ್ತಲಾಯಿತು ಎನ್ನಲಾಗದು, ಮಬ್ಬಾಯಿತು.

ಅವ್ವನನ್ನು ಪರದೆಯ ಹತ್ತಿರಕ್ಕೆ ಕೂಡಿಸಿದೆ. ದೊಡ್ಡವ್ವ ತಾನೇ ಹೋಗಿ ಅವಳ ಮಗ್ಗುಲಿಗೆ ಕೂತಳು. ಆಪರೇಟರ್ ಸುತಳಿಯ ಗಂಟು ಹಲ್ಲಿನಿಂದ ಬಿಚ್ಚಿದ. ಯಂತ್ರ ತಿರುಗಿತು. ಕುರಿಗಳು ಬಂದವು, ತೆಳುವಾಗಿ, ಹಾಲಿಗೆ ನೀರು ಬೆರೆಸಿದ ಹಾಗೆ. ಆದರೂ ಕುರಿಗಳೇ. ಬಾವಿಯ ಕಲ್ಲುಕಟ್ಟೆ ಬಂತು. “ನಮ್ಮ ಬಾವಿ” ಎಂದು ಅವ್ವ ಉಸಿರು ಎಳೆದುಕೊಂಡಳು.

ಅಷ್ಟರಲ್ಲಿ ಬೆಳಕಿಂಡಿಯ ಚಾದರ ಮೊಳೆಯಿಂದ ಜಾರಿತು. ಬಿಸಿಲಿನ ಪಟ್ಟಿ ನೇರವಾಗಿ ಪರದೆಯ ಮೇಲೆ ಬಿದ್ದು ಬಾವಿಯೂ ಹೋಯಿತು, ಕುರಿಯೂ ಹೋಯಿತು.

“ಬಾಯಿ, ಚಾದರ! ಚಾದರ!” ಆಪರೇಟರ್ ಕೂಗಿದ.

ಯಂತ್ರ ನಿಲ್ಲಿಸು ಎಂದರೆ, ನಡುವೆ ನಿಲ್ಲಿಸಿದರೆ ಬಲ್ಬಿನ ಕಾವಿಗೆ ಫಿಲ್ಮು ಸುಡುತ್ತದೆ ಎಂದ. ಓಡಿದೆ. ಸ್ಟೂಲು ಹತ್ತಿ ಚಾದರದ ಎರಡೂ ತುದಿ ಹಿಡಿದು ಬೆಳಕಿಂಡಿಗೆ ಒತ್ತಿದೆ. ಮೊಳೆ ಕಿತ್ತುಬಂದಿತ್ತು, ಒಂದು ಕೈ ತೆಗೆದರೆ ಬಿಸಿಲು ನುಗ್ಗುತ್ತಿತ್ತು. ಗೋಡೆಗೆ ಮುಖ, ಪರದೆಗೆ ಬೆನ್ನು. ಒಮ್ಮೆ ಕುತ್ತಿಗೆ ತಿರುಗಿಸಿದೆ. ಯಂತ್ರದಿಂದ ಹೊರಟ ಬೆಳಕಿನ ಕೋಲಿನಲ್ಲಿ ಧೂಳು ಕುಣಿಯುವುದು ಕಂಡಿತು. ಅಷ್ಟಕ್ಕೇ ಚಾದರ ಸಡಿಲಾಗಿ, “ಬಾಯಿ!” ಎಂದು ಅವನು ಮತ್ತೆ ಒದರಿದ. ಮತ್ತೆ ಗೋಡೆಗೆ ತಿರುಗಿದೆ.

ಮಾತಿನ ಸಿನಿಮಾ ಆಗಿದ್ದರೆ ಕಿವಿಗಾದರೂ ಏನೋ ಬೀಳುತ್ತಿತ್ತು, ಮರಿಯ ಕೂಗೋ, ಕಾಲಿನ ಸಪ್ಪಳವೋ. ಮೂಕಿ. ಹಿಂದೆ ಯಂತ್ರದ ಕಟಕಟ ಬಿಟ್ಟರೆ ಏನಿಲ್ಲ. ನನ್ನ ಮೂಗಿನ ಮುಂದೆ ಚಾದರದ ನವಿಲು, ನವಿಲಿನ ಬಾಲದಲ್ಲಿ ಕೆಂಪು ನೂಲು, ನಡುವೆ ನೇಕಾರ ತಪ್ಪಿಸಿದ ಒಂದು ಎಳೆ. ಆಗ ಅವ್ವನ ದನಿ ಕೇಳಿತು.

“ಅಗೋ! ಅಗೋ ಅಗೋ!”

ಮತ್ತೆ ಕಟಕಟ. ಮುಂದೆ ಒಮ್ಮೆಲೇ ಯಂತ್ರದ ಸಪ್ಪಳ ಬದಲಾಗಿ, ಫಿಲ್ಮಿನ ತುದಿ ಪಟಪಟ ಬಡಿಯಿತು. ಮುಗಿದಿತ್ತು.

ಸ್ಟೂಲಿನಿಂದ ಇಳಿದು ಬರುವಷ್ಟರಲ್ಲಿ ಅವ್ವ ಅಕ್ಕನ ಕಡೆ ತಿರುಗಿ ಕೂತಿದ್ದಳು. “ಏನೋ ಬೆಳ್ಳಗ ಓಡಿಧಂಗ ಆತು. ಮುಖ ನನಗ ಗುರುತು ಹತ್ತಲಿಲ್ಲ ಅಕ್ಕಾ. ನಿನ್ನ ಕಣ್ಣು ಚಲೋ ಅದಾವ. ಯಾರು ಅದು? ನೀನೋ, ನಾನೋ?”

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಬೆಳಕ ಭಾಳ ಇತ್ತು. ನನಗೂ ಏನೂ ಕಾಣಲಿಲ್ಲ.”

“ಖರೇನಽ?”

“ಖರೇನಽ ಅಂದ್ರ ಖರೇನಽ. ಏಳು, ಬಸ್ಸಿಗೆ ಹೊತ್ತಾತು.”

ಅವ್ವ ನನ್ನ ಕಡೆ ನೋಡಿದಳು. “ನೀ ನೋಡಿದೆಲ್ಲವ್ವಾ? ಹೆಂಗಿದ್ಲು ಆಕಿ?”

“ನಾ ಚಾದರ ಹಿಡಿದಿದ್ದೆ ಅವ್ವಾ.”

“ಚಾದರ ಹಿಡದಿದ್ದಿ?” ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಸಿಟ್ಟಿನಿಂದ, “ಯಾರು ಹಿಡಿ ಅಂದ್ರು ನಿನಗ?” ಅಂದಳು.

ಆಪರೇಟರನ್ನು ಕೇಳಿಕೊಂಡೆ, ಇನ್ನೊಂದೇ ಒಂದು ಸಲ ಹಾಕಪ್ಪಾ ಎಂದು. ಅವನು ಆಗಲೇ ಉಲ್ಟಾ ಸುತ್ತುತ್ತಿದ್ದ. ಪಾರ್ಸಲ್ ಆಫೀಸು ಮುಚ್ಚಿತೆಂದರೆ ತನ್ನ ಕೆಲಸ ಹೋಗುತ್ತದೆ ಅಂದ. ಹೋಗಲಿ, ನೀನಾದರೂ ನೋಡಿದೆಯಲ್ಲ, ಹುಡುಗಿ ಹೇಗಿದ್ದಳು ಎಂದು ಕೇಳಿದರೆ, “ಒಬ್ಬಾಕಿ ಪೋರಿ ಓಡಿದ್ಲ್ರಿ ಬಾಯಿ. ಪೋರಿ ಇದ್ದಹಂಗ ಇದ್ಲು. ನಾ ಹೇಳಿದ್ನೆಲ್ಲ, ಅದ್ರಾಗ ಏನೂ ಆಗೂದಿಲ್ಲ” ಅಂದ. ಸುತಳಿ ಸುತ್ತಿ, ಗಂಟು ಹಾಕಿ, ಡಬ್ಬಿಯನ್ನು ಪೆಟ್ಟಿಗೆಗೆ ಸೇರಿಸಿದ. ಆ ಕ್ಷಣ ಆ ಡಬ್ಬಿಯನ್ನು ಕಸಿದುಕೊಂಡು ಓಡಬೇಕು ಅನಿಸಿತು. ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಓಡಲಿಲ್ಲ. ಚಾದರಗಳ ಮಡಿಕೆ ಹಾಕಿದಳು.

ಚಾದರದ ಹೊರೆ ಹೊತ್ತುಕೊಂಡೇ ಅವರನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಸ್ಟ್ಯಾಂಡಿನಲ್ಲಿ ಎಂದಿನಂತೆ ಜನ. ಅಕ್ಕಲಕೋಟದ ಕೆಂಪು ಗಾಡಿ ತಿರುವಿನಲ್ಲಿ ಬಂದದ್ದೇ ತಡ, ಟವೆಲ್ಲು, ಟೋಪಿ ಹಿಡಿದು ಕಿಟಕಿಯಿಂದ ಸೀಟಿಗೆ ಎಸೆಯುವವರು ಓಡಿದರು. ಅವ್ವನಿಗೆ ಗಾಡಿಯ ಕೆಂಪಾದರೂ ಕಾಣುತ್ತಿತ್ತು. ಎಲ್ಲಿತ್ತೋ ಆ ಆವೇಶ, ರೊಟ್ಟಿಯ ಗಂಟನ್ನು ಎದೆಗೆ ಅವುಚಿಕೊಂಡು ಜನದ ನಡುವೆ ಓಡತೊಡಗಿದಳು.

ದೊಡ್ಡವ್ವ ಹಿಂದಿನಿಂದ ಒದರಿದಳು: “ಏ ತಂಗಿ! ಹಂಗ ಎಡಗಾಲು ಹೊರಗ ಒಗದು ಓಡಬ್ಯಾಡ, ಬೀಳ್ತಿ! ಸಾಯೂತನಕ ಅದಽ ಓಟ ಇವಳದು. ಆ ಮೆಟ್ಟಿಲದ ಮ್ಯಾಲೂ ಹಂಗಽ ಓಡ್ಯಾಳ, ಮರಿ ಕೈಯಾಗಿಂದ ಬೀಳೂದೊಂದು ಬಾಕಿ ಇತ್ತು, ಈಗ ನೋಡಿದ್ನೆಲ್ಲ—”

ಅಲ್ಲಿಗೆ ಬಾಯಿ ಮುಚ್ಚಿದಳು.

ಅವ್ವ ರಸ್ತೆಯ ನಡುವೆ ನಿಂತುಬಿಟ್ಟಿದ್ದಳು. ಓಡುವವರು ಅವಳನ್ನು ಬಳಸಿ ಓಡಿದರು. ಒಬ್ಬ, “ಅಜ್ಜೀ, ಬಾಜೂಕ ಸರಿ” ಎಂದು ಬೈದ. ಅವಳು ತಿರುಗಿ ಬಂದಳು.

“ಏನಂದಿ ಅಕ್ಕಾ?”

“ಏನಿಲ್ಲ. ಬಸ್ ಹತ್ತು.”

“ಮೆಟ್ಟಿಲದ ಮ್ಯಾಲೆ ಯಾರು ಓಡ್ಯಾರು ಅಂದಿ?”

“ಸೀಟು ಹೋದ್ವು ನೋಡು, ನಿನ್ನಿಂದ!”

“ಹೋಗ್ಲಿ ಸೀಟು. ಯಾರು?”

ದೊಡ್ಡವ್ವ ಅತ್ತ ಇತ್ತ ನೋಡಿದಳು. ನನ್ನ ಕಡೆ ನೋಡಿದಳು. ನಾನು ಚಾದರದ ಹೊರೆಯ ಹಿಂದೆ ನಿಂತಿದ್ದೆ.

“ಪರಕಾರ ಮೊಳಕಾಲ ಮಟ ಎತ್ತಿ ಸಿಗಿಸಿಕೊಂಡಿದ್ದಿ” ಅಂದಳು ಕೊನೆಗೆ, ಅವತ್ತು ಅಜ್ಜ ಬೈಯಬೇಕಾಗಿದ್ದ ದನಿಯಲ್ಲಿ. “ನಾಚಿಕಿ ಇಲ್ಲಧಂಗ. ಅಪ್ಪ ನೋಡಿದ್ದರ ಕಾಲು ಮುರೀತಿದ್ದ. ಕೂದಲಾ ನಾ ಕಟ್ಟಿದ್ದೆ, ಅದನ್ನೂ ಬಿಚ್ಚಿ ಹಾರಿಸಿಕೊಂಡು ಓಡ್ಯಾಳ ಹುಚ್ಚಿ.”

ಅವ್ವ ರೊಟ್ಟಿಯ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಅಕ್ಕನ ಮೊಳಕೈ ಹಿಡಿದುಕೊಂಡು ಗಾಡಿಯ ಕಡೆ ನಡೆದಳು. ಸೀಟು ಸಿಗಲಿಲ್ಲ. ಇಬ್ಬರೂ ನಿಂತೇ ಹೊರಟರು. ಜನದ ನಡುವಿನಿಂದ ಕಿಟಕಿಯತ್ತ ಬಗ್ಗಿ ಅವ್ವ ನನಗೆ ಹೇಳಿದ್ದು ಇಷ್ಟು: “ನೀ ನೋಡಬೇಕಾಗಿತ್ತವ್ವಾ.”

ಆ ಸಿನಿಮಾ ಮತ್ತೆ ಸೋಲಾಪುರಕ್ಕೆ ಬರಲಿಲ್ಲ. ಸೆಕ್ರೆಟರಿಯವರನ್ನು ಕಂಡಾಗಲೆಲ್ಲ ಕೇಳಿದೆ. ಒಮ್ಮೆ ತೋರಿಸಿದ್ದನ್ನು ಎರಡನೆಯ ಸಲ ತರಿಸುವ ಪದ್ಧತಿ ಇಲ್ಲ ಬಾಯಿ ಅನ್ನುತ್ತಿದ್ದರು. ಅವ್ವನ ಮೋತಿಬಿಂದು ಹಣ್ಣಾಗಿ, ಆಪರೇಶನ್ ಆಗಿ, ದಪ್ಪ ಗಾಜಿನ ಕನ್ನಡಕ ಬಂತು. ಅಕ್ಕಿಯ ಕಲ್ಲು ಈಗ ಅವಳಿಗೆ ನನಗಿಂತ ಮೊದಲು ಕಾಣುತ್ತಿತ್ತು. ಪಡಸಾಲೆಯಲ್ಲಿ ಶೇಂಗಾ ಸುಲಿಯುವಾಗ ಅಕ್ಕತಂಗಿಯರು ಬಾವಿಯ ಮಾತನ್ನು ಈಗಲೂ ತೆಗೆಯುತ್ತಿದ್ದರು. ಆದರೆ ಜಗಳ ಈಗ ಮರಿಯ ಮೇಲೆ ಬಂದಿತ್ತು. ಅದರ ಕಿವಿ ಕರಿದೋ ಬಿಳಿದೋ ಎಂದು. ನಡುನಡುವೆ ನನ್ನ ಕಡೆ ತಿರುಗಿ, “ನೀನಽ ಹೇಳು” ಎಂದು ಕೇಳಿ, ಕೇಳಿದ ಮೇಲೆ ನೆನಪಾಗಿ ಸುಮ್ಮನಾಗುತ್ತಿದ್ದರು.

ಆ ನವಿಲಿನ ಚಾದರ ನಮ್ಮ ಮನೆಯಲ್ಲಿ ಬಹಳ ವರ್ಷ ಬಾಳಿತು. ಒಗೆದು ಹಗ್ಗದ ಮೇಲೆ ಹರವಿದಾಗ ಆ ತಪ್ಪಿದ ಎಳೆ ಎಲ್ಲಿದೆ ಎಂದು ಹುಡುಕುವ ಅಗತ್ಯ ನನಗೆ ಎಂದೂ ಬೀಳಲಿಲ್ಲ.